ಒಂಬತ್ತು ಜನರ ದೋಣಿ

"ಹತ್ತು ಜನ ಕೂತ್ರೆ ಸರ್ಕಾರದ್ದು, ಒಂಬತ್ತು ಜನ ಕೂತ್ರೆ ನಮ್ದು. ಇಷ್ಟೇ ದಾದಾ ಹುಕುಂ," ಎಂದ ಪಾಲರ ದೋಣಿ ನಡೆಸುವ ತೋರಾಬ್ ಅಲಿ, ಅಂಗಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು.

ನಿಬಾರಣ ಪಾಲರು ತಂಗಳನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ. ಈರುಳ್ಳಿ ಕಚ್ಚಿದರು, ಹಸಿಮೆಣಸಿನಕಾಯಿ ನುರಿದರು, ಸಾವಕಾಶವಾಗಿ ಅಗಿದು ನುಂಗಿ ಆಮೇಲೆ ಕೇಳಿದರು. "ಯಾರು ಹೇಳಿದ್ದು?"

"ಸಂತೇಲಿ ಡಂಗುರ ಹೊಡ್ಸಿದ್ರು. ಬರ್ಮಾ ಹೋಯ್ತಂತೆ, ಇನ್ನು ಜಪಾನಿಯವ್ರು ಬರೋದು ಇಲ್ಲಿಗೇ ಅಂತೆ. ಬಂದವ್ರಿಗೆ ಹೊಳೆ ದಾಟೋಕೆ ಒಂದು ದೋಣೀನೂ ಸಿಗಬಾರ್ದು. ಅದಕ್ಕೆ ಹತ್ತು ಜನ ಹಿಡಿಯೋ ದೋಣಿ ಎಲ್ಲಾ ಠಾಣೆ ಘಾಟಿಗೆ ತಂದು ಒಪ್ಪಿಸ್ಬೇಕು."

ಒಲೆಯ ಹತ್ತಿರದಿಂದ ಪಾಲರ ಹೆಂಡತಿ ಕ್ಷಾಂತಮಣಿಯ ದನಿ ಬಂತು. "ಅಲ್ಲ ಕಣೋ ತೋರಾಬ್, ಸಮುದ್ರಾನೇ ದಾಟಿ ಬರೋರಿಗೆ ನಮ್ಮ ಹೊಳೆ ದಾಟೋದು ಕಷ್ಟಾನಾ? ಪಾಲರ ಮಡಕೆ ದೋಣಿ ಬರ್ಲಿ ಅಂತ ದಡದಲ್ಲಿ ಕಾಯ್ತಾ ಕೂತಿರ್ತಾರಾ?"

"ನನ್ನ ಕೇಳಿದ್ರೆ? ಲಾಟ್ ಸಾಹೇಬ್ರನ್ನ ಕೇಳು ಬೌದಿ."

"ಕರ್ಕೊಂಬಾ, ಕೇಳ್ತೀನಿ."

ಅತ್ತೆಯ ಪಕ್ಕದಲ್ಲಿ ಕೂತು ಕೆಸುವಿನ ಸೊಪ್ಪು ಹೆಚ್ಚುತ್ತಿದ್ದ ಸೊಸೆ ಬಿರಜಾ ನಕ್ಕುಬಿಟ್ಟಳು. ಮಾವ ತಿರುಗಿ ನೋಡಿದರು. ಅವಳು ಸೆರಗು ಎಳೆದುಕೊಂಡು ಸೊಪ್ಪಿಗೆ ಬಗ್ಗಿದಳು. ಆದರೆ ಕೈ ಮಾತ್ರ ನಿಂತೇಹೋಯಿತು. ಅವಳ ಲೆಕ್ಕ ಬೇರೆಯೇ ಓಡುತ್ತಿತ್ತು.

ಆ ಮನೆಗೆ ಹೊಲ ಇರಲಿಲ್ಲ. ಇದ್ದದ್ದು ಕುಂಬಾರಚಕ್ರ, ಮಡಕೆ ಸುಡುವ ಆವಿಗೆ, ಮನೆಯ ಹಿಂದಿನ ಕಾಲುವೆಯಲ್ಲಿ ಕಟ್ಟಿದ್ದ ದೋಣಿ. ವರ್ಷಕ್ಕೆ ಎರಡು ಸಲ ದೋಣಿಯ ತುಂಬ ಮಡಕೆ ಒಟ್ಟಿ, ಅವಳ ಗಂಡ ಹರಲಾಲನೂ ತೋರಾಬನೂ ದಕ್ಷಿಣದ ಭತ್ತದ ಹಳ್ಳಿಗಳಿಗೆ ಹೊರಡುತ್ತಿದ್ದರು. ಅಲ್ಲಿಯ ರೂಢಿ ಸರಳ: ಮಡಕೆ ಬೇಕಾದವರು ಅದರ ತುಂಬ ಭತ್ತ ಸುರಿಯಬೇಕು, ಭತ್ತ ಇವರದು, ಮಡಕೆ ಅವರದು. ಅಲ್ಲಿಯ ಹೆಂಗಸರು ಕೊಳ್ಳುವ ಮೊದಲು ಮಡಕೆಯ ಕಂಠದ ಕೆಳಗೆ ಬೆರಳಾಡಿಸಿ ನೋಡುತ್ತಿದ್ದರು. ಮೂರು ಉಗುರುಗೆರೆ ಸಿಕ್ಕಿದರೆ ಪಾಲರ ಮನೆಯದು, ಸೋರುವುದಿಲ್ಲ. ಆ ಗೆರೆ ಹಾಕುವುದು ಮನೆಯ ಹೆಂಗಸರ ಕೆಲಸ. ಮದುವೆಯಾಗಿ ಬಂದ ಮೂರನೆಯ ದಿನವೇ ಕ್ಷಾಂತಮಣಿ ಬಿರಜಾಳ ಬೆರಳು ಹಿಡಿದು ಹಸಿ ಮಣ್ಣಿಗೆ ಒತ್ತಿಸಿದ್ದರು. ಹನ್ನೆರಡು ವರ್ಷವಾಗಿತ್ತು. ಈಗ ಕಣ್ಣು ಮುಚ್ಚಿದ್ದರೂ ಉಗುರು ತಾನಾಗಿ ಒತ್ತುತ್ತಿತ್ತು.

ದೋಣಿ ಇಲ್ಲದಿದ್ದರೆ ಭತ್ತ ಇಲ್ಲ. ಮಡಕೆಗಳನ್ನು ತಲೆಯ ಮೇಲೆ ಹೊತ್ತು ಏಳು ಹೊಳೆ ದಾಟಲು ಆಗುತ್ತದೆಯೇ?

"ಆಷಾಢದ ಭತ್ತ ಹೆಂಗೆ ಬಾಬಾ?" ಎಂದಳು ಬಿರಜಾ, ಕೇಳಲೋ ಬೇಡವೋ ಅನ್ನುವಂತೆ.

ನಿಬಾರಣ ಪಾಲರು ಕೈ ತೊಳೆದರು. "ಕೊಡಬೇಕು ಅಂದ್ರೆ ಕೊಡೋದೇ. ಚೀಟಿ ಕೊಡ್ತಾರಂತೆ. ಯುದ್ಧ ಮುಗಿದ ಮೇಲೆ ವಾಪಸ್ ಮಾಡ್ತಾರೆ."

"ಚೀಟೀನ ಬೇಯಿಸಿ ಬಡಿಸ್ಲಾ?" ಎಂದರು ಕ್ಷಾಂತಮಣಿ.

"ಮಗನ್ನ ಜೈಲಿಗೆ ಕಳ್ಸಿ ಬೇಯಿಸ್ತೀಯಾ?"

ಹರಲಾಲ ತಲೆ ತಗ್ಗಿಸಿ ಹುಕ್ಕಾದ ಬೂದಿ ಕೊಡವುತ್ತಿದ್ದ. ಅಪ್ಪ ಅಮ್ಮ ಮಾತಿಗೆ ನಿಂತಾಗ ಅವನು ಹುಡುಕಿಕೊಳ್ಳುವ ಕೆಲಸ ಅದೊಂದೇ.

ಎರಡನೆಯ ವಾರ ತೋರಾಬನ ಅಣ್ಣನ ದೋಣಿ ಹೋಯಿತು. ಠಾಣೆಯ ಘಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಕೊಡಲಿ ಹಾಕಿ ತಳ ಒಡೆದು, ಕೆಲವನ್ನು ಮುಳುಗಿಸಿ ಕೆಲವಕ್ಕೆ ಬೆಂಕಿ ಇಟ್ಟರಂತೆ. ತೋರಾಬ್ ಅದನ್ನು ಹೇಳಲು ಬಂದ. ಬಿರಜಾ ಮಂಡಕ್ಕಿ, ಬೆಲ್ಲ ತಂದಿಟ್ಟಳು. ಅವನು ಮುಟ್ಟಲಿಲ್ಲ.

"ತೇಗದ ಮರದ ದೋಣಿ. ನಮ್ಮಪ್ಪ ಕಟ್ಟಿಸಿದ್ದು. ಅಣ್ಣ ನೋಡ್ತಾ ನಿಂತಿದ್ದ," ಎಂದ. "ಹೊಳೆ ಆಚೆ ದಿಣ್ಣೇಲಿ ಅವನ ಹೊಲ ಇದೆ. ಕಳೆ ತೆಗೆಯೋಕೆ ಹೆಂಗೆ ಹೋಗ್ಬೇಕು ಅಂತ ಕೇಳಿದ್ರೆ ದಫೇದಾರ ಹೇಳ್ತಾನೆ, ಈಜ್ಕೊಂಡು ಹೋಗು ಅಂತ."

"ನಮ್ದನ್ನ ಕೆರೇಲಿ ಮುಳುಗಿಸಿಟ್ರೆ?" ಎಂದ ಹರಲಾಲ. ಬೇಸಿಗೆಯಲ್ಲಿ ಹಲಗೆ ಬಿರುಕು ಬಿಡದಿರಲೆಂದು ದೋಣಿಯನ್ನು ನೀರಿನಡಿ ಇಡುವುದು ಎಲ್ಲರೂ ಮಾಡುತ್ತಿದ್ದ ಕೆಲಸ.

"ಪಡುವಣ ಕೇರಿಯೋರು ಹಂಗೇ ಮಾಡಿದ್ರು. ಚೌಕಿದಾರ ಬಿದಿರು ಹಾಕಿ ಕೆರೆ ತಡಕಿದ. ಮೂರು ಜನ ಒಳಗಿದಾರೆ. ನಿಮ್ದೂ ಪಟ್ಟೀಲಿ ಬರ್ಕೊಂಡಿದಾನೆ. ತಿಂಗಳ ಕೊನೇಲಿ ಸರ್ಕಾರದ ದೋಣಿ ಬಾಬು ಬಂದು ಜನ ಕೂರಿಸಿ ನೋಡ್ತಾರಂತೆ."

"ನಮ್ದ್ರಲ್ಲಿ ಎಷ್ಟು ಜನ ಹಿಡಿಸ್ತಾರೆ?" ಎಂದಳು ಬಿರಜಾ.

"ಹನ್ನೆರಡು. ಹದಿಮೂರನೆಯವನ ಕಾಲು ಒದ್ದೆ."

ಆ ವಾರದಿಂದ ಬಿರಜಾ ಅಕ್ಕಿ ಅಳೆಯುವ ಬಟ್ಟಲು ಬದಲಿಸಿದಳು. ಮೊದಲಿನದಕ್ಕಿಂತ ಎರಡು ಬೆರಳು ಗಿಡ್ಡದ್ದು. ಹತ್ತು ವರ್ಷದ ಮಗಳು ಬುಂಚಿ, "ಮಾ, ಅನ್ನ ಯಾಕೆ ಬೇಗ ಮುಗಿದುಹೋಗುತ್ತೆ?" ಎಂದು ಕೇಳಿ ಅಜ್ಜಿಯ ತಟ್ಟೆಯಿಂದ ಎರಡು ತುತ್ತು ಗಿಟ್ಟಿಸಿಕೊಂಡಳು. ಸಂತೆಯಲ್ಲಿ ಅಕ್ಕಿಯೇ ಬರುತ್ತಿರಲಿಲ್ಲ. ಜಪಾನಿಯವರಿಗೆ ಸಿಗಬಾರದೆಂದು ಅದನ್ನೂ ಸರ್ಕಾರದ ಕಡೆಯವರು ಕೊಂಡು ಒಯ್ಯುತ್ತಿದ್ದರು. ಇನ್ನೂ ಬಾರದ ಶತ್ರುವಿಗೆ ಏನೂ ಸಿಗದ ಹಾಗೆ ಮಾಡುವ ಭರದಲ್ಲಿ ಇದ್ದವರಿಗೂ ಏನೂ ಸಿಗದ ಹಾಗಾಗಿತ್ತು.

ಅದು ಬೈಶಾಖ ಮಾಸ. ಬೈಶಾಖ ಬಂತೆಂದರೆ ಕುಂಬಾರರ ಚಕ್ರ ನಿಲ್ಲುತ್ತದೆ. ಚಕ್ರದ ಮೇಲೆ ಮಣ್ಣಿನ ಶಿವನನ್ನು ಕೂರಿಸಿ, ತಿಂಗಳಿಡೀ ನೀರು, ಗಂಧ, ಬಿಲ್ವಪತ್ರೆ. ನಿಬಾರಣ ಪಾಲರ ಮನೆಯಲ್ಲಂತೂ ಇನ್ನೂ ಒಂದು ಕಟ್ಟು: ಆ ತಿಂಗಳು ಯಾರೂ ಹದಮಣ್ಣಿಗೆ ಕೈ ಹಾಕುವಂತಿಲ್ಲ. ಚಳಿಗಾಲದಲ್ಲಿ ಹೊಳೆಯಾಚೆಯಿಂದ ತಂದ ಕಪ್ಪು ಜಿಗಟು ಮಣ್ಣು ತಾಳೆಗರಿಯ ಮಾಡಿನಡಿ ಗುಡ್ಡೆಯಾಗಿ ಬಿದ್ದಿತ್ತು.

ಬಿರಜಾ ಆ ಗುಡ್ಡೆಯನ್ನು ನೋಡುತ್ತಿದ್ದಳು. ಮಧ್ಯಾಹ್ನದ ಊಟ ನಡೆದಿತ್ತು. ಖೆಸಾರಿ ಬೇಳೆ, ಕೆಸುವಿನ ಸೊಪ್ಪು.

"ಮಾ," ಎಂದಳು ಅತ್ತೆಗೆ, "ಚಳಿಗಾಲದಲ್ಲಿ ಮಣ್ಣು ತರೋವಾಗ ದೋಣೀಲಿ ಎಷ್ಟು ಜನ ಬರ್ತಾರೆ?"

"ಮೂರು. ಅದಕ್ಕಿಂತ ಹೆಚ್ಚು ಹತ್ತಿದ್ರೆ ಮುಳುಗುತ್ತೆ."

"ಹೂಂ."

ಕ್ಷಾಂತಮಣಿ ತುತ್ತನ್ನು ಅರ್ಧಕ್ಕೆ ನಿಲ್ಲಿಸಿದರು. ಸೊಸೆಯ ಮುಖ ನೋಡಿದರು. ಮಣ್ಣಿನ ಗುಡ್ಡೆ ನೋಡಿದರು. "ಕಾಣಲ್ವೇನೇ?"

"ಬಿದಿರಿನ ಹಾಸಿನ ಕೆಳಗೆ ಬಡಿದ್ರೆ? ಮಡಕೆ ತಳ ಬಡಿಯೋ ಹಾಗೆ, ಹಲಗೆಗೆ ಹಲಗೆ ಅಂಟಿದ ಹಾಗೆ. ಮೇಲಿಂದ ಗಾಬ್ ಕಾಯಿ ಕಪ್ಪು ರಸ ಬಳಿದ್ರೆ ಮರ ಯಾವ್ದು, ಮಣ್ಣು ಯಾವ್ದು? ದೋಣಿಗೆ ಹೇಗೂ ವರ್ಷ ವರ್ಷಾ ಬಳಿಯೋದೇ ಅಲ್ವಾ."

"ಬೌಮಾ!" ನಿಬಾರಣ ಪಾಲರು ತಟ್ಟೆ ಸರಿಸಿ ಸೊಸೆಯತ್ತ ತಿರುಗಿದರು. "ಯಾವ ತಿಂಗಳು ಇದು ಗೊತ್ತಾ ನಿಂಗೆ?"

"ಗೊತ್ತು ಬಾಬಾ."

"ನಮ್ಮಜ್ಜನ ಕಾಲದಿಂದ ಬೈಶಾಖದಲ್ಲಿ ಈ ಮನೇಲಿ ಮಣ್ಣು ಮುಟ್ಟಿಲ್ಲ. ಮಗು ಆಟಕ್ಕೆ ಮುಟ್ಟಿದ್ರೂ ಕೈ ತೊಳ್ಸಿದೀವಿ. ನೀನು ಬುಟ್ಟಿಗಟ್ಲೆ ಹೊರ್ತೀನಿ ಅಂತೀಯ, ಅದೂ ಮೋಸ ಮಾಡೋಕೆ. ಸಿಕ್ಕಿಬಿದ್ರೆ ನನ್ನ ಮಗ ಒಳಗೆ ಹೋಗ್ತಾನೆ. ಆಗ ನೀನು ಯಾವ ಚಕ್ರ ತಿರುಗಿಸ್ತೀಯ ನೋಡ್ತೀನಿ."

"ದೋಣಿ ಹೋದ್ಮೇಲೆ ಚಕ್ರ ತಿರುಗಿಸಿ ಏನ್ ಮಾಡ್ಬೇಕು ಬಾಬಾ? ಮಡಕೆ ಮಾಡಿ ಮಡಕೇಲಿ ಏನ್ ಹಾಕ್ಬೇಕು?"

ಮಾವನಿಗೆ ಹೀಗೆ ಎದುರು ಹೇಳಿದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಅವಳ ಕಿವಿ ಬಿಸಿಯಾಯಿತು. ಹರಲಾಲ ಬೇಳೆಯಲ್ಲಿ ಬೆರಳು ಅದ್ದಿಕೊಂಡು ಹಾಗೇ ಕೂತಿದ್ದ.

"ಏನೋ, ನೀನು ಹೇಳೋ," ಎಂದರು ಕ್ಷಾಂತಮಣಿ ಮಗನಿಗೆ. "ಜೈಲಿಗೆ ಹೋಗೋನು ನೀನು. ಎಲ್ರೂ ನಿನ್ನ ಬಗ್ಗೆ ಮಾತಾಡ್ತಿದೀವಿ, ನೀನು ಬೇಳೇಲಿ ಮೀನು ಹಿಡೀತಿದೀಯ."

ಹರಲಾಲ ತಲೆ ಎತ್ತಿದ. "ತೋರಾಬ್ ಚಾಚಾನ ಅಣ್ಣ ನೋಡ್ತಾ ನಿಂತಿದ್ನಂತೆ," ಎಂದ. "ನನ್ ಕೈಲಿ ಹಂಗೆ ನಿಲ್ಲೋಕಾಗಲ್ಲ."

ನಿಬಾರಣ ಪಾಲರು ಎದ್ದರು. "ಹಾಗಾದ್ರೆ ಈ ಅಡುಗೆ ನಂಗೆ ಬೇಡ. ಆ ಕೈಯಲ್ಲಿ ಮಾಡಿದ್ದು ಬೇಡ." ಹೋಗಿ ಚಕ್ರದ ಕೊಟ್ಟಿಗೆಯಲ್ಲಿ ಚಾಪೆ ಹಾಸಿಕೊಂಡರು. ಅಂದಿನಿಂದ ಮಂಡಕ್ಕಿ, ನೀರು, ಶಿವನ ಪೂಜೆ. ಮಾತಿಲ್ಲ.

ಕೆಲಸ ನಡೆದದ್ದು ಹಗಲಲ್ಲೇ, ಊರೆಲ್ಲ ಸೆಕೆಗೆ ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿ. ದೋಣಿಯನ್ನು ಕಾಲುವೆಯ ಕೆಸರಿಗೆ ಎಳೆದು ಹಾಕಿ, ರಸದ ಗಡಿಗೆಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡರು. ದಾರಿಹೋಕರು ಕೇಳಿದರೆ ಬಣ್ಣ ಬಳಿಯುತ್ತಿದ್ದೇವೆ ಎನ್ನಬಹುದಿತ್ತು. ಒಬ್ಬಳು ಮುದುಕಿ ಕೇಳಿಯೂ ಕೇಳಿದಳು. "ನಾಳೆ ಒಡೆದುಹಾಕೋ ದೋಣಿಗೆ ಬಣ್ಣ ಯಾಕೆ ಕ್ಷಾಂತಾ?"

"ಸಾಯೋ ಹೆಣ್ಣಿಗೂ ಕುಂಕುಮ ಇಡಲ್ವೇನೇ?" ಎಂದರು ಕ್ಷಾಂತಮಣಿ. ಮುದುಕಿ ಕಣ್ಣೊರೆಸಿಕೊಂಡು ಹೋದಳು.

ಹರಲಾಲ ಬುಟ್ಟಿ ಹೊತ್ತ, ತೋರಾಬ್ ತುಳಿದು ಹದ ಮಾಡಿದ, ಅತ್ತೆ ಸೊಸೆ ದೋಣಿಯೊಳಗೆ ಬಗ್ಗಿ ಮರದ ಕೊಡತಿಯಿಂದ ಬಡಿದರು. ಐದು ದಿನ. ಬಡಿದಂತೆಲ್ಲ ಮಣ್ಣು ಹಲಗೆಗೆ ಕಚ್ಚಿಕೊಂಡಿತು, ಅಂಚು ತೆಳುವಾಗಿ ಮರದಲ್ಲಿ ಮಾಯವಾಯಿತು. ಬಿರಜಾಳ ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಒಳಗೊಳಗೇ ಒಂದು ಹುರುಪು. ಇಷ್ಟು ದೊಡ್ಡ ಪಾತ್ರೆ ಅವಳು ಯಾವತ್ತೂ ಬಡಿದಿರಲಿಲ್ಲ. ಕೊನೆಯ ದಿನ ಕಪ್ಪು ರಸ ಬಳಿದು, ಒಣಗಿದ ಮೇಲೆ ಬಿದಿರಿನ ಹಾಸು ಮುಚ್ಚಿ, ತೋರಾಬ್ ದೋಣಿಯನ್ನು ನೀರಿಗೆ ತಳ್ಳಿದ. ಅದು ಬಸುರಿ ಎಮ್ಮೆಯ ಹಾಗೆ ನಿಧಾನಕ್ಕೆ ಇಳಿಯಿತು.

ಪ್ರತಿ ದಿನ ಬಿರಜಾ ಕೊಟ್ಟಿಗೆಯ ಬಾಗಿಲಲ್ಲಿ ಒಂದು ತಟ್ಟೆ ಅನ್ನ ಇಡುತ್ತಿದ್ದಳು. ಪ್ರತಿ ದಿನ ಅದು ಹಾಗೇ ವಾಪಸಾಗುತ್ತಿತ್ತು. ಬುಂಚಿಯ ಹೊಟ್ಟೆಗೆ ಮಾತ್ರ ಲಾಭ.

ಬೈಶಾಖದ ಇಪ್ಪತ್ತಾರಕ್ಕೆ ದೋಣಿ ಬಾಬು ಬಂದ. ಬಿಳಿಯ ಸಾಹೇಬನಲ್ಲ, ಆ ಸೀಮೆಯವನೇ, ಎಳೆ ಮೀಸೆಯ ಹುಡುಗ, ಖಾಕಿ ಚಡ್ಡಿ, ಮೊಣಕಾಲವರೆಗೆ ಪಟ್ಟಿ ಸುತ್ತಿ ಬಿಗಿದ ಬೂಟು. ಜೊತೆಗೆ ಇಬ್ಬರು ಕಾನ್‌ಸ್ಟೇಬಲ್, ಟಾರಿನ ಡಬ್ಬ ಹಿಡಿದ ಚೌಕಿದಾರ. ಊರಿನ ಜನ ದಡದಲ್ಲಿ ಸೇರಿತು.

"ಹಾಸು ತೆಗೀರಿ. ಕೆಳಗೇನಿದೆ ನೋಡೋಣ," ಎಂದ.

ಹರಲಾಲ ಹಾಸನ್ನು ಸುತ್ತಿದ. ಮಧ್ಯಾಹ್ನದ ಬಿಸಿಲು ಓರೆಯಾಗಿ ದೋಣಿಯ ಹೊಟ್ಟೆಯೊಳಗೆ ಬಿತ್ತು. ಕಪ್ಪಗೆ, ನಯವಾಗಿ, ಹಳೆಯ ಮರದ ಹಾಗೇ ಇತ್ತು. ಬಿರಜಾ ಉಸಿರು ಬಿಡಬೇಕೆನ್ನುವಷ್ಟರಲ್ಲಿ ಅವಳ ಕಣ್ಣಿಗೆ ಅದು ಬಿತ್ತು.

ಬದಿಯ ಅಂಚಿನ ಕೆಳಗೆ, ಮೂರು ಗೆರೆ. ಉಗುರುಗೆರೆ. ಗೇಣಿಗೊಂದು, ಉದ್ದಕ್ಕೂ, ಮಡಕೆಯ ಕಂಠಕ್ಕೆ ಹಾಕುವ ಹಾಗೆ. ತಾನು ಯಾವಾಗ ಹಾಕಿದೆ ಎಂದು ಅವಳಿಗೇ ನೆನಪಿರಲಿಲ್ಲ. ಬಡಿಯುವುದು ಮುಗಿದಿತ್ತು, ಕೈ ತನ್ನ ಪಾಡಿಗೆ ತಾನು ಹಾಕಿಬಿಟ್ಟಿತ್ತು. ಯಾವ ಮರಕ್ಕೆ ಉಗುರುಗೆರೆ ಇರುತ್ತದೆ? ಹತ್ತಿರ ಬಗ್ಗಿ ಒಂದು ಬೆರಳು ಒತ್ತಿದರೆ ಸಾಕು.

ಅವಳು ಅತ್ತೆಯ ಕೈ ಹಿಡಿದಳು. ಕ್ಷಾಂತಮಣಿ ನೋಡಿದರು. ಅವರಿಗೂ ಗೆರೆ ಕಂಡಿತು.

"ನಾನೇ ಇಳಿದು ನೋಡ್ತೀನಿ, ಇರಿ," ಎಂದ ಬಾಬು, ಒಂದು ಕಾಲು ದಡದಿಂದ ಎತ್ತಿ.

"ನಿಲ್ಲಿ ಬಾಬು."

ಹದಿನೈದು ದಿನದಿಂದ ಕೇಳದ ದನಿ. ಜನ ದಾರಿ ಬಿಟ್ಟಿತು. ನಿಬಾರಣ ಪಾಲರು ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಪೂಜೆಯ ಹಿತ್ತಾಳೆ ತಂಬಿಗೆ ಹಿಡಿದು ಬರುತ್ತಿದ್ದರು. ಬರಿಗಾಲಲ್ಲಿ ದೋಣಿಗೆ ಇಳಿದರು. ಒಳಗೆ ಕಣ್ಣಾಡಿಸಿದರು. ಆ ಗೆರೆಗಳ ಹತ್ತಿರ ಅವರ ಕಣ್ಣು ಒಂದು ಗಳಿಗೆ ನಿಂತದ್ದನ್ನು ಬಿರಜಾ ಕಂಡಳು. ನಲವತ್ತು ವರ್ಷ ಆ ಗೆರೆ ನೋಡಿದ ಕಣ್ಣು. ಈಗ ಹೇಳಿಬಿಡುತ್ತಾರೆ ಎಂದುಕೊಂಡಳು.

ನಿಬಾರಣ ಪಾಲರು ತಂಬಿಗೆ ಬಗ್ಗಿಸಿದರು. ಗಂಧದ ನೀರು, ಬಿಲ್ವಪತ್ರೆ, ಒಂದು ಬೊಗಸೆ ಹೂವು, ಎಲ್ಲ ಅಂಚಿನುದ್ದಕ್ಕೂ ಇಳಿದು ಗೆರೆಗಳ ಮೇಲೆ ಅಂಟಿಕೊಂಡಿತು. ಆಮೇಲೆ ನೆಟ್ಟಗೆ ನಿಂತು ಬಾಬುವಿನ ಕಾಲು ನೋಡಿದರು.

"ಬೈಶಾಖ ಬಾಬು. ಶಿವನ ನೀರು ಬಿದ್ದಿದೆ. ತೊಗಲು ತಾಗೋ ಹಾಗಿಲ್ಲ. ಬೂಟು ಬಿಚ್ಚಿ ಬನ್ನಿ, ಎಷ್ಟು ಬೇಕಾದ್ರೂ ನೋಡಿ."

ಬಾಬು ತನ್ನ ಬೂಟು ನೋಡಿಕೊಂಡ. ಮೊಣಕಾಲವರೆಗಿನ ಪಟ್ಟಿ. ಕೆಳಗೆ ಕಣಕಾಲು ಮುಳುಗುವ ಕೆಸರು. ಸುತ್ತ ನಿಂತ ಜನರ ಮುಖ ನೋಡಿದ. ಯಾರೂ ನಗುತ್ತಿರಲಿಲ್ಲ, ಅದೇ ಅವನಿಗೆ ಸರಿಬರಲಿಲ್ಲ. ಎತ್ತಿದ ಕಾಲನ್ನು ಇಳಿಸಿದ.

"ಆಯ್ತು, ಆಯ್ತು. ಹಾಸು ಹಾಕಿ. ಜನ ಹತ್ತಿಸಿ. ಸಣ್ಣಗಿರೋರನ್ನೇ ನಾನು ಆರಿಸ್ತೀನಿ. ದಪ್ಪದೋರನ್ನ ತಂದು ಆಟ ಆಡ್ಬೇಡಿ."

"ಅಕ್ಕಿ ಎಲ್ಲಾ ನೀವು ಒಯ್ದ ಮೇಲೆ ದಪ್ಪದೋರನ್ನ ಎಲ್ಲಿಂದ ತರೋಣ ಬಾಬು?" ಎಂದರು ಕ್ಷಾಂತಮಣಿ. ಈಗ ಮಾತ್ರ ಜನ ನಕ್ಕಿತು.

ಒಬ್ಬೊಬ್ಬರೇ ಹತ್ತಿದರು. ಐದು. ಏಳು. ದೋಣಿ ಕುಸಿಯುತ್ತ ಬಂತು. ಎಂಟನೆಯವನು ಕೂತಾಗ ನೀರಿಗೂ ಅಂಚಿಗೂ ನಾಲ್ಕು ಬೆರಳು. ಒಂಬತ್ತನೆಯವನು ತೋರಾಬನ ಅಣ್ಣ. ಅವನು ಕೂತು ಬಾಬುವನ್ನೇ ದಿಟ್ಟಿಸಿದ. ಎರಡು ಬೆರಳು.

"ಹತ್ತನೆಯವರು?"

"ನಾನು," ಎಂದರು ನಿಬಾರಣ ಪಾಲರು. ಎರಡು ವಾರ ಮಂಡಕ್ಕಿ ತಿಂದ ಮೈ, ಗಾಳಿಗೆ ಹಾರುವ ಹಾಗಿತ್ತು. ಕಾಲಿಟ್ಟರು. ಎಡಗಡೆಯಿಂದ ನೀರು ಗುಳುಕ್ಕನೆ ಒಳಗೆ ಬಂತು, ಕೂತವರೆಲ್ಲ ಹೋ ಎಂದು ಎದ್ದರು, ಇಬ್ಬರು ಕಾಲುವೆಗೆ ಹಾರಿದರು.

"ಇಷ್ಟುದ್ದ ದೋಣಿಗೆ ಒಂಬತ್ತೇ ಜನಾನಾ?" ಎಂದ ಬಾಬು.

"ಕಣ್ಣಾರೆ ನೋಡಿದ್ರಲ್ಲ ಬಾಬು," ಎಂದರು ನಿಬಾರಣ ಪಾಲರು, ಪಂಚೆಯ ನೀರು ಹಿಂಡುತ್ತ.

ಚೌಕಿದಾರ ದೋಣಿಯ ಮೂತಿಗೆ ಟಾರಿನಲ್ಲಿ ದೊಡ್ಡ ಒಂಬತ್ತು ಬರೆದ.

ಸಂಜೆ ಮನೆಯಲ್ಲಿ ಯಾರೂ ಜೋರಾಗಿ ನಗಲಿಲ್ಲ. ನಿಬಾರಣ ಪಾಲರು ಒಲೆಯ ಎದುರು ಬಂದು ಕೂತರು. ಬಿರಜಾ ಅನ್ನ ಬಡಿಸಿದಳು.

"ಮಾತು ಬಂತಲ್ಲ," ಎಂದರು ಕ್ಷಾಂತಮಣಿ. "ನಾನು ನಾಲಿಗೆ ಬಿದ್ದುಹೋಗಿದೆ ಅಂದ್ಕೊಂಡಿದ್ದೆ."

"ಸುಮ್ನಿರು." ಒಂದು ತುತ್ತು ನುಂಗಿದರು. ಸೊಸೆಯ ಕಡೆ ನೋಡದೆ ಹೇಳಿದರು. "ಮೋಸ ಮಾಡೋವಾಗ್ಲೂ ಗುರುತು ಹಾಕ್ತಾರೇನಮ್ಮಾ ಯಾರಾದ್ರೂ?"

"ಕೈ ತಪ್ಪಿ ಆಯ್ತು ಬಾಬಾ."

"ತಪ್ಪಿ ಏನ್ ಆಯ್ತು? ನೆಟ್ಟಗೇ ಇತ್ತು. ಒಂದೇ ಸಮ." ಮತ್ತೆ ಅನ್ನ ಕಲಸಿದರು. "ಮನೆ ಗುರುತು ಬಿದ್ಮೇಲೆ ಅದು ಈ ಮನೆ ಕೆಲಸ. ಈ ಮನೆ ಕೆಲಸಾನ ಬೂಟಲ್ಲಿ ತುಳಿಸ್ಕೊಂಡು ನಿಲ್ಲೋಕೆ ನಾನೇನು ಸತ್ತಿದೀನಾ? ಸ್ವಲ್ಪ ಬೇಳೆ ಹಾಕು."

ಬೇಳೆ ಇರಲಿಲ್ಲ. ಇದ್ದ ತಿಳಿಯನ್ನೇ ಹಾಕಿದಳು.

ಬೈಶಾಖ ಮುಗಿಯುವ ಸಂಕ್ರಾಂತಿಯ ದಿನ ಶಿವನನ್ನು ಹೊಳೆಗೆ ಬಿಟ್ಟರು. ಮರುದಿನ ಚಕ್ರ ತಿರುಗಿತು. ಮಣ್ಣು ದೋಣಿಯೊಳಗಿಂದಲೇ ಬಂತು, ದಿನಕ್ಕೆ ಎರಡು ಬುಟ್ಟಿ, ಮೀನು ತರುವವರ ಹಾಗೆ ಮೇಲೆ ಎಲೆ ಮುಚ್ಚಿ. ಬೈಶಾಖದಲ್ಲಿ ಮುಟ್ಟಿದ ಮಣ್ಣು ಒಡೆಯುತ್ತದೆ ಎಂದು ನಿಬಾರಣ ಪಾಲರು ಪ್ರತಿ ಸಲ ಗೊಣಗಿದರು. ಆವಿಗೆ ತೆರೆದಾಗ ಒಂದೂ ಒಡೆದಿರಲಿಲ್ಲ. ಅದಕ್ಕೂ ಗೊಣಗಿದರು.

ಜ್ಯೇಷ್ಠದ ಮೂರನೆಯ ವಾರ ದೋಣಿ ಹೊರಟಿತು. ದಕ್ಷಿಣಕ್ಕೆ ಹೋಗುವ ಮೊದಲು ಹೊಳೆಯಾಚೆಯ ದಿಣ್ಣೆಗೆ ಒಂದು ಸರದಿ, ಕಳೆಕುಡುಗೋಲು ಹಿಡಿದು ದಡದಲ್ಲಿ ಕಾಯುತ್ತಿದ್ದವರಿಗಾಗಿ. ಅವರ ದೋಣಿಗಳೆಲ್ಲ ಠಾಣೆಯ ಘಾಟಿನಲ್ಲಿ ಬೂದಿಯಾಗಿದ್ದವು. ಬಿರಜಾಳೂ ಹೊರಟಿದ್ದಳು. ಅವರ ಜೊತೆ ಕಳೆ ಕಿತ್ತರೆ ಒಂದು ಸೇರು ಹಳೆ ಭತ್ತ ಸಿಗುತ್ತಿತ್ತು.

ಬುಂಚಿ ದಡದಲ್ಲಿ ನಿಂತು ಬೆರಳು ಮಡಚಿ ಎಣಿಸಿದಳು. "ಠಾಕುರ್ದಾ! ದೋಣೀಲಿ ಹನ್ನೊಂದು ಜನ ಇದಾರೆ!"

"ಒಂಬತ್ತು," ಎಂದರು ನಿಬಾರಣ ಪಾಲರು ದೋಣಿಯ ತುದಿಯಿಂದ.

"ನಾನು ಎರಡು ಸಲ ಎಣಿಸ್ದೆ!"

"ಅಲ್ಲಿ ಬರ್ದಿರೋದು ಕಾಣಲ್ವಾ? ಸರ್ಕಾರ ಎಣಿಸಿದ್ದು. ನೀನು ಸರ್ಕಾರಕ್ಕಿಂತ ಜಾಣೆ ಆಗ್ಬೇಡ. ಬೌಮಾ, ಬಾ ಹತ್ತು."

ಅವರು ಕೈ ಚಾಚಿದರು. ಸೊಸೆಗೆ ಮಾವ ಕೈ ಕೊಡುವುದು ಆ ಊರಲ್ಲಿ ಯಾರೂ ಕಂಡದ್ದಲ್ಲ. ಬಿರಜಾ ಒಂದು ಗಳಿಗೆ ನೋಡಿ, ಹಿಡಿದು ಹತ್ತಿದಳು. ತೋರಾಬ್ ಗಳುವಿನಿಂದ ದಡ ಒತ್ತಿದ. ದೋಣಿ ಹಗುರಾಗಿ ಜಾರಿತು, ಮೂತಿಯ ಮೇಲಿನ ಟಾರಿನ ಒಂಬತ್ತು ನೀರಿಗಿಂತ ಒಂದು ಗೇಣು ಮೇಲೆ ಉಳಿದಿತ್ತು.